ಔಟ್‌ಬೋರ್ಡ್ ಎಂಜಿನ್: ಬಂದುಹೋಗುವ ವಿದ್ಯುತ್ ದೋಷಗಳು

ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಎಂಜಿನ್ ಓಡುತ್ತಿದ್ದಂತೆಯೇ ನಿಂತು, ಮರುಗಳಿಗೆ ಏನೂ ಆಗದಂತೆ ಚಾಲೂ ಆದರೆ, ವಿದ್ಯುತ್ ಕಡೆಯಿಂದ ಮೊದಲು ಶಂಕಿಸಬೇಕಾದ್ದು ದುಬಾರಿ ಬಿಡಿಭಾಗವನ್ನಲ್ಲ, ವೈರುಗಳ ಜೋಡಣೆಯನ್ನು. ಉಪ್ಪುನೀರು ತಾಮ್ರದ ಎಳೆಗಳನ್ನು ಹೊದಿಕೆಯೊಳಗೇ ತಿನ್ನುತ್ತದೆ. ಎಂಜಿನ್ನಿನ ಅದುರು ಟರ್ಮಿನಲ್‌ಗಳನ್ನು ಸಡಿಲಿಸುತ್ತದೆ. ಮೀಟರಿನಲ್ಲಿ ಓಮ್ ಅಳೆದು ವೈರು ಸರಿಯಿದೆ ಎನ್ನುವವರುಂಟು. ಆದರೆ ಆ ಅಳತೆಯಲ್ಲಿ ಹರಿಯುವ ಕರೆಂಟು ಅತ್ಯಲ್ಪ. ಒಂದೇ ಎಳೆ ಉಳಿದ ಕೇಬಲ್ಲೂ ಅದರಲ್ಲಿ ಪಾಸಾಗಿಬಿಡುತ್ತದೆ. ಅದರ ಬದಲು ಸ್ಟಾರ್ಟರ್ ತಿರುಗುತ್ತಿರುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವಿನ ವೋಲ್ಟೇಜ್ ನೋಡಬೇಕು. 12 ವೋಲ್ಟಿನ ವ್ಯವಸ್ಥೆಯಲ್ಲಿ ಅದು ಅರ್ಧ ವೋಲ್ಟ್ ದಾಟಿದರೆ ಅವೆರಡರ ನಡುವಿನ ಕೇಬಲ್ಲನ್ನೋ ಅದರ ತುದಿಗಳನ್ನೋ ಬಿಚ್ಚಿ ನೋಡಲೇಬೇಕು.

ಕಿಡಿಯನ್ನು ನಿಯಂತ್ರಿಸುವ ಸಿಡಿಐ ಯೂನಿಟ್ ಹೊಸದು ಹಾಕಿದ ಮೇಲೆ ದೋಷ ಹೋಯಿತಲ್ಲ ಎಂಬ ಆಕ್ಷೇಪ ಸಾಮಾನ್ಯ. ಅದು ಗಟ್ಟಿ ಸಾಕ್ಷ್ಯವಲ್ಲ: ಬಿಚ್ಚಿ ಜೋಡಿಸುವಾಗ ಕನೆಕ್ಟರಿನ ಕಿಲುಬೂ ಉಜ್ಜಿಹೋಗಿರುತ್ತದೆ. ಹಳೆಯದನ್ನೇ ಮರಳಿ ಕೂಡಿಸಿ ನೋಡಿದರೆ ನಿಜ ತಿಳಿದೀತು; ಅಷ್ಟು ತಾಳ್ಮೆ ಯಾರಿಗಿದೆ! ಆದರೆ ಕಾಯಿಲ್, ಸ್ಟೇಟರ್‌ಗಳು ಬಿಸಿಯಾದಾಗ ಮಾತ್ರ ಕೈಕೊಡುವುದೂ ಉಂಟು. ಹಾಗಾಗಿ ಕಿಡಿಯ ಪರೀಕ್ಷೆಯನ್ನು ಎಂಜಿನ್ ನಿಂತ ಕೂಡಲೇ, ಬಿಸಿ ಆರುವ ಮೊದಲು ಮಾಡಬೇಕು.

ನಾಡದೋಣಿಗಳಲ್ಲೂ ಕಾಣುವ, ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನಿಗೆ ಬ್ಯಾಟರಿಯ ಹಂಗಿಲ್ಲ. ಅಲ್ಲಿ ಮೊದಲ ಅನುಮಾನ ಸ್ಟಾಪ್ ಸ್ವಿಚ್ಚಿನ ಮೇಲೆ. ಅನೇಕ ಮಾದರಿಗಳಲ್ಲಿ ಅದು ಇಗ್ನಿಷನ್ನನ್ನು ಎಂಜಿನ್ ಬ್ಲಾಕಿಗೆ ಶಾರ್ಟ್ ಮಾಡಿ ಎಂಜಿನ್ ನಿಲ್ಲಿಸುತ್ತದೆ. ಒಳಗೆ ಒದ್ದೆ ಉಪ್ಪು ಕಟ್ಟಿದರೆ ಯಾರೂ ಮುಟ್ಟದೆಯೇ ನಿಲ್ಲಿಸೀತು. ಆ ವೈರು ಬಿಚ್ಚಿದಾಗ ದೋಷ ಮರೆಯಾದರೆ ತಪ್ಪು ಸ್ವಿಚ್ಚಿನದೋ ಅದರ ವೈರಿನದೋ ಆಗಿರುತ್ತದೆ. ಆದರೆ ವೈರು ಬಿಚ್ಚಿರುವಾಗ ಚಾಲಕ ನೀರಿಗೆ ಬಿದ್ದು, ಅವನನ್ನು ಸ್ವಿಚ್ಚಿಗೆ ಜೋಡಿಸುವ ಸುರಕ್ಷಾ ಹಗ್ಗ ಕಳಚಿದರೂ ಎಂಜಿನ್ ನಿಲ್ಲದು; ದೋಣಿಯನ್ನು ಕಟ್ಟಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟೇ ಈ ಪರೀಕ್ಷೆ ಮಾಡಬೇಕು.