ಮಿತ್ರನಿಂದ ರಕ್ಷಕನಿಗೆ: ‘ಆಪ್ತರಕ್ಷಕ’ದಲ್ಲಿ ಭಯಾನಕ ರಸ ಸೊರಗಿದ ಬಗೆ

1

ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ 2004ರ ಆಗಸ್ಟ್ 27ರಂದು ತೆರೆಕಂಡಿತು. ಅದರ ಮುಂದುವರಿಕೆಯಾದ ‘ಆಪ್ತರಕ್ಷಕ’ ಬಂದದ್ದು 2010ರ ಫೆಬ್ರವರಿ 19ರಂದು. ಎರಡೂ ಚಿತ್ರಮಂದಿರಗಳಲ್ಲಿ ಗೆದ್ದವು. ಗೆದ್ದದ್ದರಿಂದಲೇ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ರೂಢಿ ಬೆಳೆದಿದೆ. ಭಯಚಿತ್ರವಾಗಿ ನೋಡಿದರೆ ಎರಡನೆಯದು ನಿರಾಸೆ ತರುತ್ತದೆ ಎಂಬುದು ಈ ಲೇಖನದ ವಾದ. ಆದರೆ ನಿರಾಸೆಯೆಂಬುದು ಬರಿಯ ಅಭಿರುಚಿಯ ಮಾತಾಗಬಾರದು. ಅದಕ್ಕೆ ಕೃತಿಯ ಕಟ್ಟಡದಲ್ಲೇ ಕಾರಣ ತೋರಿಸಬೇಕು. ಆ ಕಾರಣವನ್ನು ಹುಡುಕಲು ನಾನು ಆಧರಿಸಿರುವುದು ಭರತನ ‘ನಾಟ್ಯಶಾಸ್ತ್ರ’ದ ಆರನೆಯ ಅಧ್ಯಾಯದ ಒಂದು ಪದವನ್ನು.

ಚಿತ್ರದ ವಂಶಾವಳಿ ಎಲ್ಲರಿಗೂ ತಿಳಿದದ್ದು. ಫಾಜಿಲ್ ನಿರ್ದೇಶನದ, ಮಧು ಮುಟ್ಟಂ ಬರೆದ ಮಲಯಾಳಂ ‘ಮಣಿಚಿತ್ರತ್ತಾಳ್’ (1993) ಮೂಲ. ಅದು ಕನ್ನಡದಲ್ಲಿ ‘ಆಪ್ತಮಿತ್ರ’ವಾಗಿ, ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಆಯಿತು. ಮುಂದುವರಿದ ಕಥೆ ಮೊದಲು ಹುಟ್ಟಿದ್ದು ಕನ್ನಡದಲ್ಲಿ. ವಿಜ್ಞಾನದ ಭಯಕಥೆಯೆಂದೊಡನೆ ನೆನಪಾಗುವ ಬಾಹ್ಯಾಕಾಶ ನೌಕೆ ಇಲ್ಲಿಲ್ಲ, ಪ್ರಯೋಗಶಾಲೆಯಿಲ್ಲ. ಆದರೂ ವಿಜ್ಞಾನ ಕಥೆಯ ನಡುಗಂಬ: ಅರಮನೆಯಂಥ ಮನೆಯಲ್ಲಿ ನಡೆಯುವ ಕಾಟವನ್ನು ಮನೋವೈದ್ಯ ವಿಜಯ್ (ವಿಷ್ಣುವರ್ಧನ್) ದೆವ್ವವೆನ್ನದೆ ಸ್ಪ್ಲಿಟ್ ಪರ್ಸನಾಲಿಟಿ ಎಂದು ಗುರುತಿಸುತ್ತಾನೆ. ಹೊರಗಿನ ಉದಾಹರಣೆ ಬೇಕಾದವರು ‘ದಿ ಫ್ಲೈ’ (1986) ಮತ್ತು ಅದರ ಬೆನ್ನಿಗೆ ಬಂದ ‘ದಿ ಫ್ಲೈ 2’ (1989) ಚಿತ್ರಗಳನ್ನು ನೆನೆಯಬಹುದು. ವಿಜ್ಞಾನವನ್ನು ಒಳಗಿಟ್ಟುಕೊಂಡು ಹೆದರಿಸುವ ಕಥೆಯನ್ನು ಮುಂದುವರಿಸುವಾಗಿನ ತೊಡಕು ಅಲ್ಲೂ ಇಲ್ಲೂ ಒಂದೇ.

2

ಭಯಚಿತ್ರಗಳ ಚರ್ಚೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ವ್ಯಾಖ್ಯೆ ನೋಯೆಲ್ ಕ್ಯಾರಲ್ ಅವರದು. ‘ದಿ ಫಿಲಾಸಫಿ ಆಫ್ ಹಾರರ್’ (1990) ಗ್ರಂಥದಲ್ಲಿ ಅವರು ಹೇಳುವುದು ಇಷ್ಟು: ಈ ಪ್ರಕಾರದ ಜೀವಾಳ ಪೆಡಂಭೂತ, ಇಂದಿನ ವಿಜ್ಞಾನ ಇದೆಯೆಂದು ಒಪ್ಪದ ಜೀವಿಯೇ ಪೆಡಂಭೂತ, ಅದು ಅಪಾಯಕಾರಿಯೂ ಹೇಸಿಗೆ ತರುವಂಥದೂ ಆಗಿರಬೇಕು. ಹಿಚ್‌ಕಾಕ್‌ನ ‘ಸೈಕೋ’ ಚಿತ್ರದ ನಾರ್ಮನ್ ಬೇಟ್ಸ್ ಕಟ್ಟುನಿಟ್ಟಾಗಿ ನೋಡಿದರೆ ಈ ಮಾತಿನೊಳಗೆ ಬರುವುದಿಲ್ಲ, ಮನೋರೋಗವನ್ನು ವಿಜ್ಞಾನ ಒಪ್ಪುತ್ತದಲ್ಲ ಎಂದು ಅವರೇ ಹೇಳುತ್ತಾರೆ.

ಈ ಅಳತೆಗೋಲನ್ನು ನಮ್ಮ ಎರಡು ಚಿತ್ರಗಳಿಗೆ ಹಿಡಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ‘ಆಪ್ತಮಿತ್ರ’ದ ಗಂಗಾ (ಸೌಂದರ್ಯ) ತನ್ನನ್ನು ಹಿಂದಿನ ಕಾಲದ ನರ್ತಕಿ ನಾಗವಲ್ಲಿಯೆಂದು ಭಾವಿಸುವ ರೋಗಿ, ಆದ್ದರಿಂದ ಅದು ಪೂರ್ಣಾರ್ಥದ ಭಯಚಿತ್ರವಲ್ಲ. ‘ಆಪ್ತರಕ್ಷಕ’ದಲ್ಲಾದರೋ ಮನೆಯಿಂದ ಮನೆಗೆ ಕೇಡನ್ನು ಹೊತ್ತು ತರುವ ನಾಗವಲ್ಲಿಯ ಚಿತ್ರಪಟವಿದೆ, ಹೆಬ್ಬಾವಿಗೂ ಮಿಗಿಲಾದ ಸರ್ಪವಿದೆ, ಮನುಷ್ಯನ ಆಯುಷ್ಯವನ್ನು ಮೀರಿ ತಂತ್ರಬಲದಿಂದ ಬದುಕಿರುವ ಅರಸ ವಿಜಯ ರಾಜೇಂದ್ರ ಬಹದ್ದೂರ್ ಇದ್ದಾನೆ. ಕ್ಯಾರಲ್ ಕೇಳಿದ್ದೆಲ್ಲವೂ ಉಂಟು. ಆದರೆ ಕೂದಲು ನಿಮಿರುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ನಾವು ಬಾಯಿ ತೆರೆದು ನೋಡುತ್ತೇವೆ, ಶಿಳ್ಳೆ ಹಾಕುತ್ತೇವೆ. ವ್ಯಾಖ್ಯೆ ಹೇಳಿದ್ದಕ್ಕೂ ಪ್ರೇಕ್ಷಕ ಅನುಭವಿಸಿದ್ದಕ್ಕೂ ಹೊಂದಿಕೆಯಾಗದಿದ್ದಾಗ ತಿದ್ದಬೇಕಾದದ್ದು ವ್ಯಾಖ್ಯೆಯನ್ನೇ.

3

ರಸವಿಚಾರವನ್ನು ಹೊಸಗನ್ನಡದ ಓದುಗರಿಗೆ ವ್ಯವಸ್ಥಿತವಾಗಿ ತಂದುಕೊಟ್ಟ ‘ಭಾರತೀಯ ಕಾವ್ಯಮೀಮಾಂಸೆ’ಯ (1953) ಕರ್ತೃ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರು ತೆರೆದಿಟ್ಟ ದಾರಿಯಲ್ಲೇ ಭರತನ ಮೂಲಕ್ಕೆ ಹೋಗೋಣ. ಭಯಾನಕದ ವಿಭಾವಗಳನ್ನು, ಎಂದರೆ ಆ ರಸವನ್ನು ಹುಟ್ಟಿಸುವ ಕಾರಣಗಳನ್ನು, ಭರತ ಹೀಗೆ ಎಣಿಸುತ್ತಾನೆ: ವಿಕಾರವಾದ ದನಿ, ಭೂತಾದಿ ಸತ್ತ್ವಗಳ ದರ್ಶನ, ನರಿ ಗೂಗೆಗಳ ಕೂಗು, ಶೂನ್ಯಾಗಾರ ಎಂದರೆ ಪಾಳುಮನೆ, ಅಡವಿ; ಇವುಗಳೊಡನೆ ಸ್ವಜನರ ವಧೆ ಬಂಧನಗಳನ್ನು ಕಾಣುವುದು, ಕೇಳುವುದು.

ಪಟ್ಟಿಯ ಮೊದಲ ಭಾಗ ಎಲ್ಲ ದೆವ್ವದ ಕಥೆಗಳಿಗೂ ಸೇರಿದ್ದು. ನಮ್ಮ ಎರಡು ಚಿತ್ರಗಳೂ ಅದನ್ನು ಧಾರಾಳವಾಗಿ ಬಳಸಿವೆ. ನನ್ನ ವಾದ ನಿಂತಿರುವುದು ಕೊನೆಯ ಪದದ ಮೇಲೆ: ಸ್ವಜನ. ಕ್ಯಾರಲ್ ಅವರ ವ್ಯಾಖ್ಯೆ ವಸ್ತುವಿನ ಗುಣವನ್ನು ಕೇಳುತ್ತದೆ. ಭರತನ ಪಟ್ಟಿ ಆ ವಸ್ತು ತಗುಲಿದ್ದು ಯಾರಿಗೆ ಎಂದೂ ಕೇಳುತ್ತದೆ.

ಈ ವ್ಯತ್ಯಾಸ ಪುಸ್ತಕದ್ದು ಮಾತ್ರವಲ್ಲ. ತೀನಂಶ್ರೀ ಹುಟ್ಟಿದ ಸೀಮೆಯ, ಎಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಯಾವ ತೋಟದ ಮನೆಯಲ್ಲೂ ಇದನ್ನು ಕಾಣಬಹುದು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು. ಸುಲಿದು ಒಡೆದಾಗ ಕೌಟು ವಾಸನೆ ಬಂದರೆ ಅದನ್ನು ಬೇರೆ ರಾಶಿಗೆ ಎಸೆಯುತ್ತಾರೆ. ದರದಲ್ಲಿ ಒಂದಿಷ್ಟು ನಷ್ಟ, ಅಷ್ಟೇ. ಯಾರ ಎದೆಯೂ ನಡುಗುವುದಿಲ್ಲ. ಅದೇ ತೋಟದ ಕಾಯಿ, ಮಗಳ ಮದುವೆಗೆ ಮುಂಚೆ ಮನೆದೇವರ ಮುಂದೆ ಒಡೆದಾಗ ಕೊಳೆತಿದ್ದರೆ ಮನೆಮಂದಿಯ ಮುಖ ಬಾಡುತ್ತದೆ. ಕಾಯಿ ಯಾಕೆ ಕೊಳೆಯುತ್ತದೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು; ಅದರಲ್ಲಿ ವಿಜ್ಞಾನ ಒಪ್ಪದ್ದೇನೂ ಇಲ್ಲ. ರಾಶಿಯ ಮುಂದೆ ಇಲ್ಲದ, ದೇವರ ಮುಂದೆ ಇರುವ ಒಂದೇ ಒಂದು ಸಂಗತಿ ಮಗಳು. ಭಯ ಕಾಯಿಯದಲ್ಲ, ಮಗಳಿಗಾಗಿ.

4

‘ಆಪ್ತಮಿತ್ರ’ದ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಗಂಗಾ ಹೊರಗೆ ಹೊರಟಿದ್ದಾಳೆ. ವೈದ್ಯ ಹೇಳಿಕೊಟ್ಟಂತೆ ಗಂಡ ರಮೇಶ್ (ರಮೇಶ್ ಅರವಿಂದ್) ಬೇಡ ಎನ್ನುತ್ತಾನೆ. ಅವಳ ದನಿ ಬದಲಾಗುತ್ತದೆ, ಮಾತು ತೆಲುಗಾಗುತ್ತದೆ, ಮಂಚ ಮೇಲೇಳುತ್ತದೆ. ಗಂಡ ಹೆಸರು ಹಿಡಿದು ಕೂಗಿದೊಡನೆ ಅವಳು ಮತ್ತೆ ಗಂಗಾ, ನಡೆದದ್ದರ ನೆನಪಿಲ್ಲ.

ಮಂಚ ಎತ್ತಿದ್ದೇ ಈ ದೃಶ್ಯದ ಶಿಖರವೆಂದು ಸಾಮಾನ್ಯವಾಗಿ ನೆನೆಯುತ್ತಾರೆ. ರಸದ ಲೆಕ್ಕದಲ್ಲಿ ಅದು ಶಿಖರವಲ್ಲ. ಹೆಣ್ಣೊಬ್ಬಳು ಮಂಚ ಎತ್ತುವುದು ವಿಸ್ಮಯ. ವಿಸ್ಮಯ ಅದ್ಭುತ ರಸದ ಸ್ಥಾಯಿ, ಎಂದರೆ ಮೂಲ ಭಾವ. ಭಯ ಹುಟ್ಟುವುದು ಮರುಕ್ಷಣದಲ್ಲಿ, ಏನೂ ತಿಳಿಯದ ಮುಖದೊಂದಿಗೆ ಅವಳು ಹಿಂತಿರುಗಿದಾಗ. ನಾಗವಲ್ಲಿ ಹೋದಳೆಂಬ ನೆಮ್ಮದಿಗಿಂತ, ನಮ್ಮ ಗಂಗಾ ಎಷ್ಟು ಹೊತ್ತು ನಮ್ಮವಳಾಗಿರುತ್ತಾಳೆ ಎಂಬ ಅಳುಕು ಅಲ್ಲಿ ಮುಖ್ಯ. ಸ್ವರಭೇದವನ್ನು ಭರತ ಹೆದರಿದವರ ಅನುಭಾವವಾಗಿ, ಎಂದರೆ ಹೊರಗೆ ಕಾಣುವ ಲಕ್ಷಣವಾಗಿ, ಹೇಳುತ್ತಾನೆ. ಇಲ್ಲಿ ಅದು ಹೆದರಿಸುವವಳದು. ಹೆದರಿಸುವವಳೂ ಕಾಪಾಡಬೇಕಾದವಳೂ ಒಬ್ಬಳೇ ಆದದ್ದರಿಂದ ಪ್ರೇಕ್ಷಕನಿಗೆ ಓಡಿಹೋಗಲು ದಾರಿಯಿಲ್ಲ.

ಕೊನೆಯ ಭಾಗವೂ ಇದೇ ನೇಯ್ಗೆಯದು. ಆಚಾರ್ಯರ (ಅವಿನಾಶ್) ಮಂಡಲ, ಹೋಮಗಳು ವೈದ್ಯನ ಚಿಕಿತ್ಸೆಗೆ ರಂಗಸಜ್ಜಿಕೆಯಾಗುತ್ತವೆ. ವಿಜಯ್, ನಾಗವಲ್ಲಿಯನ್ನು ಕೊಂದ ಅರಸನ ವೇಷ ಹಾಕುತ್ತಾನೆ. ಪ್ರತೀಕಾರದ ಕ್ಷಣದಲ್ಲಿ ಅವನ ಜಾಗಕ್ಕೆ ಬೊಂಬೆ ಬರುತ್ತದೆ. ಭಯಾನಕವನ್ನು ವ್ಯಾಜದಿಂದ (ನಟನೆಯಿಂದ), ಅಪರಾಧದಿಂದ, ಬೆದರಿಕೆಯಿಂದ ಹುಟ್ಟಿದ್ದೆಂದು ಭರತ ಮೂರಾಗಿ ವಿಂಗಡಿಸಿದ್ದಾನಷ್ಟೆ. ಅರಸನ ಅಪರಾಧವನ್ನು ವ್ಯಾಜದಿಂದ ತೀರಿಸುವ ಈ ಉಪಾಯ ಆ ವಿಂಗಡಣೆಗೆ ಬರೆದಿಟ್ಟ ಉದಾಹರಣೆಯಂತಿದೆ.

‘ಆಪ್ತರಕ್ಷಕ’ ಈ ನೇಯ್ಗೆಯ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತದೆ. ಮೊದಲ ಚಿತ್ರದಲ್ಲಿ ವೇಷವಾಗಿದ್ದ ಅರಸ ಇಲ್ಲಿ ನಿಜವಾಗಿ ಬದುಕಿದ್ದಾನೆ. ವ್ಯಾಜ ಹೋಗಿ ಪವಾಡ ಬಂತು. ಮೊದಲ ಚಿತ್ರ ಅನುಮಾನವನ್ನು ಬೇರೊಬ್ಬ ಹುಡುಗಿಯ ಮೇಲೆ ತಿರುಗಿಸಿ ಗಂಗಾಳನ್ನು ಮರೆಯಲ್ಲಿಟ್ಟಿತ್ತು. ಇಲ್ಲಿಯೂ ಅದೇ ಉಪಾಯ, ಆದರೆ ನೋಡುವವನು ಆರು ವರ್ಷ ಹಿಂದೆಯೇ ಅದನ್ನು ಕಲಿತಿದ್ದಾನೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆಯನ್ನು ಶೀರ್ಷಿಕೆಯೇ ಒಪ್ಪಿಕೊಳ್ಳುತ್ತದೆ. ವಿಜಯ್ ಮೊದಲು ಬಂದದ್ದು ಗೆಳೆಯನ ಮನೆಗೆ, ಗೆಳೆಯನ ಹೆಂಡತಿಗಾಗಿ, ಅವನು ಮಿತ್ರ. ಎರಡನೆಯ ಸಲ ಆಚಾರ್ಯರು ಕರೆಸಿದ್ದಕ್ಕೆ ಬರುತ್ತಾನೆ, ಗುರುತಿಲ್ಲದ ಮನೆಗೆ, ಅವನು ರಕ್ಷಕ. ಮಿತ್ರನಿಗೆ ಭಯವಿರುತ್ತದೆ, ರಕ್ಷಕನಿಗೆ ಉತ್ಸಾಹ. ಉತ್ಸಾಹ ವೀರದ ಸ್ಥಾಯಿ. ಹೀಗೆ ಒಂದೇ ಪದದ ಪಲ್ಲಟದಲ್ಲಿ ಭಯಾನಕ ಹಿಂದೆ ಸರಿದು ವೀರ, ಅದ್ಭುತಗಳು ಮುಂದೆ ಬಂದವು.

5

ಮಿತ್ರ ರಕ್ಷಕನಾದದ್ದರಿಂದಲೇ ಭಯಾನಕ ಸೊರಗಿತೆಂಬುದು ಲೇಖನದ ಅತಿ ದಿಟ್ಟ ಮಾತಾದ್ದರಿಂದ ಆಕ್ಷೇಪಗಳನ್ನು ನಾನೇ ಎತ್ತಬೇಕು.

ಒಂದು: ಎರಡನೆಯ ಚಿತ್ರದ ಸರಸ್ವತಿಯೂ (ವಿಮಲಾ ರಾಮನ್) ಒಂದು ಮನೆಯ ಮಗಳೇ ಅಲ್ಲವೆ? ಹೌದು. ಕಥೆಯೊಳಗೆ ಅವಳಿಗೆ ಸ್ವಜನರಿದ್ದಾರೆ. ಆದರೆ ಪ್ರೇಕ್ಷಕ ಆ ಮನೆಯನ್ನು ಹೊಗುವುದು ವಿಜಯ್‌ನ ಬೆನ್ನ ಹಿಂದೆ; ವಿಜಯ್‌ಗೆ ಅವಳು ರೋಗಿ. ಸ್ವಜನವೆಂಬುದನ್ನು ನಾನು ನೆಂಟಸ್ತಿಕೆಯ ಅರ್ಥದಲ್ಲಿ ಹಿಡಿದಿಲ್ಲ, ನಿರೂಪಣೆ ಬೆಳೆಸುವ ಬಳಕೆಯ ಅರ್ಥದಲ್ಲಿ ಹಿಡಿದಿದ್ದೇನೆ. ಇದು ಭರತನ ಪದವನ್ನು ಸ್ವಲ್ಪ ಹಿಗ್ಗಿಸಿದಂತೆ ಎಂದು ಒಪ್ಪುತ್ತೇನೆ.

ಎರಡು: ಜನ ಮೆಚ್ಚಿದ್ದನ್ನು ನಿರಾಸೆ ಎನ್ನುವುದು ಹೇಗೆ? ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡರು. ಅವರ ಇನ್ನೂರನೆಯ ಚಿತ್ರವೆಂದು ಪ್ರಚಾರ ಪಡೆದ ‘ಆಪ್ತರಕ್ಷಕ’ ಎರಡು ತಿಂಗಳೊಳಗೆ ಬಂತು. ಜನ ಹೋದದ್ದು ಚಿತ್ರಕ್ಕೆ ಎಷ್ಟೋ, ಕೊನೆಯ ದರ್ಶನಕ್ಕೂ ಅಷ್ಟೇ. ಇದೇ ಮಾತನ್ನು ಮೊದಲ ಚಿತ್ರಕ್ಕೂ ಹೇಳಬೇಕಾದದ್ದು ನ್ಯಾಯ: ಸೌಂದರ್ಯ 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಮಡಿದಿದ್ದರು, ಗಂಗಾಳಿಗಾಗಿ ಹೆದರಿದವರ ಮನಸ್ಸಿನಲ್ಲಿ ಆ ದುಃಖವೂ ಇತ್ತು. ಹಾಗಾಗಿ ಗಲ್ಲಾಪೆಟ್ಟಿಗೆಯ ಸಾಕ್ಷ್ಯ ಎರಡೂ ಕಡೆ ಕಲಬೆರಕೆಯದು.

ಕಲಬೆರಕೆ ಕಡಿಮೆಯಿರುವ ಸಾಕ್ಷ್ಯ ತೆಲುಗಿನಲ್ಲಿದೆ. ‘ಆಪ್ತರಕ್ಷಕ’ದ ಕಥೆಯನ್ನೇ ಪಿ. ವಾಸು ಅವರು ವೆಂಕಟೇಶ್ ಅವರನ್ನು ನಾಯಕರಾಗಿಸಿ ‘ನಾಗವಲ್ಲಿ’ ಎಂದು ಮಾಡಿದರು. ಅದು 2010ರ ಡಿಸೆಂಬರ್ 16ರಂದು ತೆರೆಕಂಡಿತು. ನಿರ್ದೇಶಕ ಅವರೇ, ಕಥೆ ಅದೇ. ಅಗಲಿದ ನಟನ ನೆನಪು ಮಾತ್ರ ಇರಲಿಲ್ಲ. ಚಿತ್ರ ಗೆಲ್ಲಲಿಲ್ಲ. ಅವರೇ 2023ರಲ್ಲಿ ತಂದ ತಮಿಳಿನ ‘ಚಂದ್ರಮುಖಿ 2’ ಕೂಡ ನಿಲ್ಲಲಿಲ್ಲ. ಆದರೂ ಇದನ್ನು ಪ್ರಯೋಗಶಾಲೆಯ ಪ್ರಮಾಣವೆಂದು ತೆಗೆದುಕೊಳ್ಳಲಾಗದು. ನಟರು ಬೇರೆ, ಭಾಷೆ ಬೇರೆ, ‘ಚಂದ್ರಮುಖಿ’ಯ ರಜನೀಕಾಂತ್ ಮುಂದಿನ ಎರಡರಲ್ಲೂ ಇಲ್ಲ. ನನ್ನ ವಾದಕ್ಕೆ ಅದು ಊರುಗೋಲಾಗಬಲ್ಲದು, ಕಾಲಾಗಲಾರದು.

ಮೂರು: ಮುಂದುವರಿಕೆ ರಸವನ್ನು ಬದಲಿಸುವುದೇ ತಪ್ಪೆ? ಅಲ್ಲ. ರಿಡ್ಲಿ ಸ್ಕಾಟ್‌ನ ‘ಏಲಿಯನ್’ (1979) ಭಯಾನಕ. ಜೇಮ್ಸ್ ಕ್ಯಾಮರನ್‌ನ ‘ಏಲಿಯನ್ಸ್’ (1986) ವೀರ, ಮತ್ತು ಎರಡೂ ಯಶಸ್ವಿ. ಆದರೆ ಕ್ಯಾಮರನ್ ಸೈನಿಕರ ನಡುವೆ ಒಬ್ಬ ಪುಟ್ಟ ಹುಡುಗಿಯನ್ನು ಇಟ್ಟು, ಅವಳಿಗಾಗಿ ನಾಯಕಿ ಹೆದರುವಂತೆ ಮಾಡಿದ; ಸ್ವಜನವನ್ನು ಹೊಸದಾಗಿ ಸಂಪಾದಿಸಿಕೊಂಡ. ಹಿಂದಿಯ ‘ಭೂಲ್ ಭುಲಯ್ಯಾ 2’ (2022) ಹಾಸ್ಯವನ್ನೇ ಅಂಗಿಯಾಗಿ ತೊಟ್ಟು ಬಂದು ಗೆದ್ದಿತು. ‘ಆಪ್ತರಕ್ಷಕ’ದ ತೊಡಕು ರಸ ಬದಲಿಸಿದ್ದರಲ್ಲಿಲ್ಲ, ಬದಲಿಸಿಯೂ ಹಳೆಯ ಭಯದ ಸಾಮಗ್ರಿಯನ್ನೆಲ್ಲ ಹೊತ್ತು ನಡೆದದ್ದರಲ್ಲಿದೆ. ಔಚಿತ್ಯ ತಪ್ಪುವುದೇ ರಸಭಂಗದ ಕಾರಣವೆಂದ ಆನಂದವರ್ಧನನಿಗೆ ಈ ಮಾತು ಹೊಸದಾಗಿ ಕೇಳಿಸದು.

6

ಇಷ್ಟರಿಂದ ಸಿದ್ಧಿಸುವುದು ಮಿತವಾದದ್ದು. ವಿಜ್ಞಾನ ಒಪ್ಪದ ಜೀವಿಯಿದ್ದರೆ ಭಯಚಿತ್ರ ಎಂಬ ವ್ಯಾಖ್ಯೆ ಈ ಎರಡು ಕನ್ನಡ ಚಿತ್ರಗಳ ಮಟ್ಟಿಗೆ ಸಾಲದು. ಸ್ವಜನವೆಂಬ ವಿಭಾವವನ್ನು ಸೇರಿಸಿದರೆ ಮೊದಲನೆಯದರ ಗೆಲುವೂ ಎರಡನೆಯದರ ಸೊರಗೂ ಒಂದೇ ಸೂತ್ರದಿಂದ ಬಿಡಿಸಿಕೊಳ್ಳುತ್ತವೆ. ಎರಡು ಚಿತ್ರಗಳಿಂದ ಇಡೀ ಪ್ರಕಾರಕ್ಕೆ ನಿಯಮ ಕಟ್ಟಲಾಗದು. ಆನಂತರದ ಕನ್ನಡ ಭಯಚಿತ್ರಗಳಿಗೆ, ಅದರಲ್ಲೂ ಮನೆಯೇ ಇಲ್ಲದೆ ಕಾಡಿನಲ್ಲಿ, ರಸ್ತೆಯಲ್ಲಿ ನಡೆಯುವ ‘6-5=2’ (2013), ‘ಯೂ ಟರ್ನ್’ (2016) ಮುಂತಾದವಕ್ಕೆ ಈ ಸೂತ್ರವನ್ನು ಹಚ್ಚಿ ನೋಡುವ ಕೆಲಸ ಉಳಿದಿದೆ. ವಿಷ್ಣುವರ್ಧನ್ ಅವರ ಅಭಿನಯದ ಬಗ್ಗೆ ಇಲ್ಲಿ ತಕರಾರಿಲ್ಲ. ಮುದಿ ಅರಸನ ಪಾತ್ರವನ್ನೂ ಮಾಡಿರುವ ಅವರು ಅದರಲ್ಲಿ ಚಿತ್ರವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಆದರೆ ಆ ಅರಸನನ್ನು ಕಂಡು ನಾವು ಹೆದರುವುದಿಲ್ಲ, ಚಪ್ಪಾಳೆ ತಟ್ಟುತ್ತೇವೆ.