ಹಾವುಪೇಟೆಯಿಲ್ಲದ ಊರು

ಬೆಂಗಳೂರಿನ ಹಳೆಯ ಪೇಟೆಗಳ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಂಡು ಹೋದರೆ ಊರಿನ ವ್ಯಾಪಾರದ ಚರಿತ್ರೆಯೆಲ್ಲ ಬಾಯಿಗೆ ಬರುತ್ತದೆ. ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೇಪೇಟೆ, ಬಳೆಗೆ ಬಳೇಪೇಟೆ, ಮಡಕೆಗೆ ಕುಂಬಾರಪೇಟೆ, ಎಣ್ಣೆಗೆ ಗಾಣಿಗರಪೇಟೆ. ಹಕ್ಕಿಯೋ ಬಣ್ಣದ ಮೀನೋ ಬೇಕೆಂದವರು ದಂಡಿನ ಕಡೆಗೆ, ೧೯೨೭ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಕಡೆಗೆ ಹೋದರು. ಆದರೆ ಈ ಊರಿನಲ್ಲಿ ಹಾವುಪೇಟೆ ಎಂಬುದು ಎಂದೂ ಇರಲಿಲ್ಲ. ಹಾವು ಬೇಕೆಂದು ಯಾರೂ ಹುಡುಕಿಕೊಂಡು ಹೋಗುತ್ತಿರಲಿಲ್ಲ. ಬುಟ್ಟಿಯೊಳಗೆ ಕುಳಿತು ಅದೇ ಮನೆಬಾಗಿಲಿಗೆ ಬರುತ್ತಿತ್ತು.

ಈಗ ಕಾಲ ತಿರುಗಿದೆ. ನಾಯಿ ಬೆಕ್ಕುಗಳಿಂದ ತೃಪ್ತಿಯಾಗದ ಕೆಲವು ತರುಣರು ಹಾವನ್ನೇ ಸಾಕಬೇಕೆಂದು ಹಂಬಲಿಸುತ್ತಾರೆ. “ಮೊದಲನೆಯ ಹಾವನ್ನು ಎಲ್ಲಿ ಕೊಳ್ಳುವುದು, ಸಾರ್?” ಎಂದು ಪಾಠ ಮುಗಿದ ಮೇಲೆ ಕೇಳುವ ವಿದ್ಯಾರ್ಥಿಗಳೂ ಉಂಟು. ಬಸವನಗುಡಿಯ ಹಿರಿಯರು ಇದನ್ನು ಕೇಳಿದರೆ ‘ಶಿವ ಶಿವಾ’ ಎಂದಾರು. ಆದರೂ ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ಒಂದು ಮೂಕಜೀವದ ಬದುಕು, ಒಬ್ಬ ಹುಡುಗನ ಮರ್ಯಾದೆ ಎರಡೂ ಅದರ ಉತ್ತರಕ್ಕೆ ಅಂಟಿಕೊಂಡಿವೆ. ಉತ್ತರಕ್ಕಾಗಿ ಸ್ವಲ್ಪ ಹಿಂದಕ್ಕೆ ನಡೆಯಬೇಕು.

ಕನ್ನಡಿಗರಿಗೂ ಹಾವಿಗೂ ಇರುವ ನಂಟು ಹಳೆಯದು, ತೊಡಕಿನದು. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಅರಿಸಿನ ಕುಂಕುಮ ಇಡುವ ಕೈಯೇ ಅಂಗಳಕ್ಕೆ ಬಂದ ಜೀವಂತ ನಾಗರಕ್ಕೆ ದೊಣ್ಣೆ ಎತ್ತುತ್ತದೆ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ತಮ್ಮ ವಚನವೊಂದರಲ್ಲಿ ಈ ವಿರೋಧವನ್ನು ಎತ್ತಿ ಆಡಿದ್ದಾರೆ. ಹದಿನಾಲ್ಕನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ವೆಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲಿಯೇ ರಚಿಸಿದ, ಖಗೇಂದ್ರನೆಂದರೆ ಹಾವಿನ ಹಗೆಯಾದ ಗರುಡ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಪಂಜೆ ಮಂಗೇಶರಾಯರು ಮಕ್ಕಳ ಹಾಡಿನಲ್ಲಿ ನಾಗರಹಾವನ್ನೇ ಕರೆದು ಮಾತಾಡಿಸಿದರು. ಪೂಜೆ, ಭಯ, ಬೆರಗು ಮೂರೂ ನಮ್ಮಲ್ಲಿದ್ದವು. ಒಡೆತನದ ಆಸೆ ಮಾತ್ರ ಇರಲಿಲ್ಲ.

ಹಳೆಯ ಬೆಂಗಳೂರಿನ ಬಡಾವಣೆಗಳಂತೂ ಹಾವಿನ ಋಣದಲ್ಲಿವೆ. ಚಾಮರಾಜಪೇಟೆ ಹುಟ್ಟಿದ್ದು ೧೮೯೨ರಲ್ಲಿ. ೧೮೯೮ರಲ್ಲಿ ಪ್ಲೇಗು ಬಂದು ಇಕ್ಕಟ್ಟಾದ ಪೇಟೆಯ ಜನ ಸಾಯತೊಡಗಿದಾಗ, ಗಾಳಿ ಬೆಳಕುಗಳಿಗೆ ಅವಕಾಶವಿಟ್ಟು ಬಸವನಗುಡಿ, ಮಲ್ಲೇಶ್ವರಗಳನ್ನು ರೂಪಿಸಿದರು. ಪ್ಲೇಗನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಫ್ರೆಂಚ್ ವೈದ್ಯ ಸಿಮಾನ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ. ಇಲಿಯ ದೆಸೆಯಿಂದ ಹುಟ್ಟಿದ ಬಡಾವಣೆಗಳಲ್ಲಿ ಇಲಿಯನ್ನು ತಿನ್ನುವ ಕೇರೆಹಾವು ಸಂಬಳವಿಲ್ಲದ ಕಾವಲುಗಾರನಾಯಿತು. ಮನೆಯ ಹಿತ್ತಲು, ಬಾವಿಕಟ್ಟೆ, ಕಹಳೆಬಂಡೆಯ ಸಂದು, ಕೆಂಪಾಂಬುಧಿ ಕೆರೆಯ ಅಂಚು ಎಲ್ಲವೂ ಅದಕ್ಕೆ ಒಪ್ಪುವ ತಾಣಗಳು. ಅದನ್ನು ಕೂಡಿಹಾಕಿ ಸಾಕುವ ಅಗತ್ಯ ಯಾರಿಗಿತ್ತು?

ಕೂಡಿಹಾಕಿದವನು ಹಾವಾಡಿಗ. ಅವನದನ್ನು ಸಾಕಣೆಯೆಂದು ಕರೆಯುವುದೂ ಕಷ್ಟವೇ. ವಿಷದ ಹಲ್ಲು ಕಿತ್ತ ನಾಗರ ಹೆಚ್ಚು ಕಾಲ ಬದುಕುವುದಿಲ್ಲ. ನಾಗರಪಂಚಮಿಗೆ ಮುಂಚೆ ನೀರಿಲ್ಲದೆ ಇಟ್ಟ ಹಾವು ಬಾಯಾರಿಕೆ ತಾಳದೆ ಹಾಲನ್ನು ಹೀರಿದರೆ, ನಾಗಪ್ಪ ಪ್ರಸನ್ನನಾದನೆಂದು ನಾವು ಕೈಮುಗಿದೆವು. ಹಾಲನ್ನು ಅರಗಿಸಿಕೊಳ್ಳುವ ಹೊಟ್ಟೆ ಹಾವಿಗಿಲ್ಲ. ಅದು ಹೆಡೆ ತೂಗುತ್ತಿದ್ದುದು ಪುಂಗಿಯ ರಾಗಕ್ಕಿಂತ ಪುಂಗಿಯ ಓಲಾಟವನ್ನು ನೋಡಿ. ಹಾಗೆಂದು ಹಾವಾಡಿಗನ ಮೇಲೆಯೇ ಎಲ್ಲ ತಪ್ಪನ್ನೂ ಹೊರಿಸುವುದು ನ್ಯಾಯವಲ್ಲ. ಆತ ಹೊಟ್ಟೆಪಾಡಿಗೆ ಆಡಿಸಿದ; ಕಾಸು ಎಸೆದು ನೋಡಿದವರು ನಾವು. ಈ ಹಾವು ಎಲ್ಲಿಂದ ಬಂತು, ಹೋದ ವರ್ಷದ ಹಾವು ಏನಾಯಿತು ಎಂದು ಕೇಳಿದವರು ಕಡಿಮೆ. ಅಂದು ಕೇಳದೆ ಬಿಟ್ಟ ಆ ಎರಡು ಪ್ರಶ್ನೆಗಳೇ ಇಂದು ಕೊಳ್ಳುವವನಿಗೆ ದಾರಿದೀಪ.

ಹಾವಾಡಿಗನ ಬುಟ್ಟಿಗಿಂತ ದೊಡ್ಡ ಹಸಿವು ಚರ್ಮದ ವ್ಯಾಪಾರದ್ದು. ಚೀಲ, ಪಾದರಕ್ಷೆ, ನಡುಪಟ್ಟಿಗಳಿಗಾಗಿ ನಮ್ಮ ಹಾವುಗಳ ತೊಗಲು ಸಮುದ್ರ ದಾಟಿ ಹೋಯಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ೧೯೭೬ರಲ್ಲಿ ಹಾವಿನ ಚರ್ಮದ ರಫ್ತಿಗೆ ನಿಷೇಧ ಬಿತ್ತು. ತೊಗಲಿಗಾಗಿ ಹಾವು ಹಿಡಿಯುತ್ತಿದ್ದ ತಮಿಳುನಾಡಿನ ಇರುಳರು ೧೯೭೮ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು, ಸರಕಾರದ ಅನುಮತಿಯಿಂದ ಹಾವು ಹಿಡಿದು, ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಕಸುಬಿಗೆ ತಿರುಗಿದರು. ಹಾವು ಕಡಿತಕ್ಕೆ ಕೊಡುವ ಮದ್ದು ಆ ವಿಷದಿಂದಲೇ ಆಗಬೇಕು. ಕಸುಬು ಕಳೆದುಕೊಂಡ ಹಾವಾಡಿಗರೆಲ್ಲರಿಗೂ ಇಂಥ ದಾರಿ ಸಿಗಲಿಲ್ಲವೆಂಬುದು ಈ ಚರಿತ್ರೆಯ ನೋವು.

ಅಂದಿನಿಂದ ನಾಗರವಾಗಲಿ, ಕೇರೆಯಾಗಲಿ, ಹೆಬ್ಬಾವಾಗಲಿ, ನಮ್ಮ ನಾಡಿನ ಹಾವನ್ನು ನ್ಯಾಯವಾಗಿ ಮಾರುವ ಅಂಗಡಿ ಇಲ್ಲ. ಮಣ್ಣುಮುಕ್ಕ ಹಾವನ್ನು ಎರಡು ತಲೆಯ ಹಾವೆಂದು ತೋರಿಸಿ, ಮನೆಗೆ ಅದೃಷ್ಟ ತರುತ್ತದೆಂದು ಲಕ್ಷಗಳ ಮಾತಾಡುವವನು ವಂಚಕ. ಅವನ ಜೊತೆ ಮಾತಿಗೆ ನಿಲ್ಲುವುದೂ ಅಪಾಯ.

ಉಳಿದದ್ದು ವಿದೇಶದ ಹಾವು. ಇಂದಿನ ತರುಣರು ಬಯಸುವುದು ಬಹುಮಟ್ಟಿಗೆ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವನ್ನು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಅದರ ತವರು ಪಶ್ಚಿಮ ಆಫ್ರಿಕದ ಘಾನಾ, ಟೋಗೋ, ಬೆನಿನ್ ಕಡೆಯ ನೆಲ. ಇಂಥ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ೧೯೭೬ರಲ್ಲಿ ಸೇರಿತು. ಆದರೆ ಒಳನಾಡಿಗೆ ಬಂದ ಮೇಲೆ ಅವನ್ನು ಕೇಳುವ ಕಾನೂನು ಬಹುಕಾಲ ಸಡಿಲವಾಗಿಯೇ ಇತ್ತು. ೨೦೨೦ರ ಜೂನ್‌ನಲ್ಲಿ ಕೇಂದ್ರ ಸರಕಾರ, ಇಂಥ ಪ್ರಾಣಿ ಇಟ್ಟುಕೊಂಡವರು ತಾವಾಗಿ ತಿಳಿಸಬೇಕೆಂದು ಕರೆ ಕೊಟ್ಟಿತು. ೨೦೨೨ರಲ್ಲಿ ಕಾಯಿದೆ ತಿದ್ದುಪಡಿಯಾಗಿ ೨೦೨೩ರ ಏಪ್ರಿಲ್‌ನಿಂದ ಜಾರಿಗೆ ಬಂತು. ೨೦೨೪ರ ಫೆಬ್ರವರಿಯ ನಿಯಮಗಳು ನೋಂದಣಿಯ ಕ್ರಮವನ್ನು ಗೊತ್ತುಮಾಡಿದವು. ಅಂಥ ಹಾವಿನ ಒಡೆತನವಷ್ಟೇ ಅಲ್ಲ, ಅದರ ಮರಿ ಹುಟ್ಟಿದ್ದು, ಸತ್ತದ್ದು, ಕೈ ಬದಲಾದದ್ದು ಎಲ್ಲವೂ ಈಗ ದಾಖಲೆಗೆ ಸೇರಬೇಕು.

ಇಷ್ಟು ಬಿಗಿ ಏಕೆಂದು ಕೇಳುವವರು ದೇವನಹಳ್ಳಿಯ ಕಡೆ ನೋಡಬೇಕು. ೨೦೨೩ರ ಆಗಸ್ಟ್‌ನಲ್ಲಿ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನ ಪೆಟ್ಟಿಗೆಗಳಲ್ಲಿ ೨೩೪ ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ ಹೆಬ್ಬಾವುಗಳಿದ್ದವು, ಉಸಿರುಕಟ್ಟಿ ಸತ್ತ ಕಾಂಗರೂ ಮರಿಯೂ ಇತ್ತು. ೨೦೨೪ರ ಏಪ್ರಿಲ್‌ನಲ್ಲಿ ಅದೇ ಬ್ಯಾಂಕಾಕಿನಿಂದ ಬಂದ ಇನ್ನೊಬ್ಬನ ಸಾಮಾನಿನಲ್ಲಿ ಹತ್ತು ಹಳದಿ ಅನಕೊಂಡಗಳಿದ್ದವು. ಹಾವಾಡಿಗನ ಬಿದಿರು ಬುಟ್ಟಿಗೆ ಗಾಳಿಯಾದರೂ ಆಡುತ್ತಿತ್ತು. ಈ ಹೊಸ ಬುಟ್ಟಿಗೆ ಅದೂ ಇಲ್ಲ. ಅಗ್ಗವಾಗಿ, ಗುಟ್ಟಾಗಿ ಸಿಗುವ ಹಾವಿನ ಹಿಂದೆ ಇಂಥ ಪೆಟ್ಟಿಗೆಯೊಂದು ಇರಬಹುದೆಂಬುದನ್ನು ಕೊಳ್ಳುವವನು ನೆನಪಿಡಬೇಕು.

ಆದ್ದರಿಂದ ಅಂಗಡಿಯ ಬೆಡಗನ್ನು ನೋಡಿ ಮಾರುಹೋಗಬಾರದು. ಹೆಣ್ಣು ಗಂಡು ನೋಡುವಾಗ ನಮ್ಮವರು ಮನೆತನ ವಿಚಾರಿಸುವಂತೆ ಹಾವಿನ ಮನೆತನ ವಿಚಾರಿಸಬೇಕು. ಮಾರುವವನ ಹೆಸರಿನಲ್ಲಿ ನೋಂದಣಿಯಿದೆಯೆ? ಮರಿ ಮಾಡಿಸುವವನಾದರೆ ಅದಕ್ಕೆ ಪರವಾನಗಿ ಉಂಟೆ? ತಾಯಿಹಾವನ್ನು ತೋರಿಸಬಲ್ಲನೆ? ಮರಿ ಎಂದು ಹುಟ್ಟಿತು, ಏನು ತಿನ್ನುತ್ತಿದೆ, ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ ಎಂಬ ಲೆಕ್ಕವಿಟ್ಟಿದ್ದಾನೆಯೆ? ‘ಕಾಗದ ಆಮೇಲೆ ನೋಡೋಣ’ ಎನ್ನುವವನ ಹೊಸ್ತಿಲನ್ನು ಆ ಕ್ಷಣವೇ ಇಳಿಯಬೇಕು. ಕೊಳ್ಳುವವನೂ ತನ್ನನ್ನು ಒಂದು ಮಾತು ಕೇಳಿಕೊಳ್ಳಬೇಕು. ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಓದು ಮುಗಿದು, ಕೆಲಸಕ್ಕೆಂದು ಊರು ಬಿಟ್ಟು, ಮದುವೆಯಾದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು? ಬೇಸರವಾಯಿತೆಂದು ಕೆರೆಯಂಗಳಕ್ಕೆ ಬಿಟ್ಟರೆ ಅದೂ ಕೆಟ್ಟಿತು, ಕೆರೆಯೂ ಕೆಟ್ಟಿತು. ಅಮೆರಿಕದ ಫ್ಲಾರಿಡದಲ್ಲಿ ಸಾಕಿ ಬಿಟ್ಟ ಬರ್ಮಾದ ಹೆಬ್ಬಾವುಗಳು ಅಲ್ಲಿನ ಜೌಗುನಾಡಿನ ಪ್ರಾಣಿಗಳನ್ನು ನುಂಗಿ ಬೆಳೆದು ಇಂದು ದೊಡ್ಡ ಪಿಡುಗಾಗಿವೆ.

ಈ ಪ್ರಶ್ನೆಗಳಿಗೆಲ್ಲ ಸಮಾಧಾನದ ಉತ್ತರವಿದ್ದವನು ಹಾವು ಸಾಕಲಿ, ತಕರಾರಿಲ್ಲ. ಉತ್ತರವಿಲ್ಲದವನು ನಿರಾಶನಾಗಬೇಕಾಗಿಯೂ ಇಲ್ಲ. ೧೮೯೨ರಿಂದ ಇರುವ ಮೈಸೂರು ಮೃಗಾಲಯವಿದೆ, ಹತ್ತಿರದಲ್ಲಿಯೇ ಬನ್ನೇರುಘಟ್ಟವಿದೆ. ಹಾವಿನ ಚೆಲುವನ್ನು ಅಲ್ಲಿ ಕಣ್ತುಂಬ ನೋಡಬಹುದು. ಇನ್ನು ಹಳೆಯ ಬಡಾವಣೆಯ ಯಾವುದಾದರೂ ಹಿತ್ತಲಿನಲ್ಲಿ ಒಂದು ಕೇರೆ ಇಂದಿಗೂ ಇಲಿಯ ಜಾಡು ಹಿಡಿದು ಸರಿದು ಹೋಗುತ್ತಿರಬಹುದು. ಅದನ್ನು ಕೊಳ್ಳಬೇಕಾಗಿಲ್ಲ, ಕೊಲ್ಲದಿದ್ದರೆ ಸಾಕು.