ದೀಪಗಳ ನಡುವೆ ನೀಹಾರಿಕೆ

ಪಲ್ಲಾವರಂ ಎಂದರೆ ಇತಿಹಾಸ ಓದಿದವರಿಗೆ ಮೊದಲು ನೆನಪಾಗುವುದು ಒಂದು ಕಲ್ಲು. 1863ರ ಮೇ ತಿಂಗಳಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಹಳೆ ಶಿಲಾಯುಗದ ಕಲ್ಲಿನ ಆಯುಧ ಸಿಕ್ಕಿದ್ದು ಅಲ್ಲೇ. ಇಂದು ಅದು ಚೆನ್ನೈನೊಳಗೆ ಸೇರಿಹೋದ ಊರು. ಪಕ್ಕದಲ್ಲಿ ವಿಮಾನ ನಿಲ್ದಾಣ, ನಡುವೆ ಜಿಎಸ್‌ಟಿ ರಸ್ತೆ. ರಾತ್ರಿ ತಾರಸಿಯ ಮೇಲೆ ನಿಂತರೆ ಕಾಣುವ ಆಕಾಶ ಕಪ್ಪಲ್ಲ, ಬೂದು. ಇಂಥ ಕಡೆಯಿಂದ ನೀಹಾರಿಕೆಗಳನ್ನು ನೋಡಬಹುದೇ? ಕೆಲವನ್ನು ನೋಡಬಹುದು. ಅದಕ್ಕೆ ದೂರದರ್ಶಕದ ಐಪೀಸಿಗೆ ತಿರುಗಿಸಿ ಕೂರಿಸುವ ಪುಟ್ಟ ಫಿಲ್ಟರ್ ಸಾಕು. ಅದು ಕೆಲಸ ಮಾಡುವುದೇಕೆ ಎಂಬುದರ ಉತ್ತರ ಹೊಳೆದದ್ದು ಫೂಟ್ ಆ ಕಲ್ಲನ್ನು ಹೆಕ್ಕಿದ ಮರುವರ್ಷ, ಲಂಡನ್ನಿನಲ್ಲಿ.

ನೀಹಾರಿಕೆಗಳು ಬಹುದೂರದ ನಕ್ಷತ್ರಗಳ ಗುಂಪೋ, ನಿಜಕ್ಕೂ ಅನಿಲವೋ ಎಂಬ ವಾದ ಆಗ ಜೋರಾಗಿತ್ತು. 1864ರ ಆಗಸ್ಟ್ 29ರ ರಾತ್ರಿ ವಿಲಿಯಂ ಹಗಿನ್ಸ್ ತಮ್ಮ ಮನೆಯ ವೀಕ್ಷಣಾಲಯದಿಂದ ಡ್ರೇಕೊ ನಕ್ಷತ್ರಪುಂಜದ ಒಂದು ನೀಹಾರಿಕೆಯತ್ತ ರೋಹಿತದರ್ಶಕವನ್ನು ತಿರುಗಿಸಿದರು. ನಕ್ಷತ್ರಗಳಾಗಿದ್ದರೆ ಕಾಮನಬಿಲ್ಲಿನಂಥ ಪಟ್ಟಿ ಕಾಣಬೇಕಿತ್ತು. ಕಂಡದ್ದು ಬಿಡಿಬಿಡಿಯಾದ ಹೊಳೆಯುವ ಗೆರೆಗಳು. ಅಂದರೆ ಅದು ಅನಿಲ. ಅದರ ಪ್ರಖರವಾದ ಹಸಿರು ಗೆರೆ ಭೂಮಿಯ ಯಾವ ಧಾತುವಿಗೂ ಹೊಂದಲಿಲ್ಲ. ಹಾಗಾಗಿ 'ನೆಬ್ಯುಲಿಯಂ' ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ ಎಂದು ಐರಾ ಬೋವೆನ್ ತೋರಿಸಿದ್ದು 1927ರಲ್ಲಿ.

ಈ ಕಥೆಯ ಒಂದು ಎಳೆ ನಮ್ಮ ನೆಲಕ್ಕೂ ಬರುತ್ತದೆ. ಹಗಿನ್ಸ್ ನೋಡಿದ ನೀಹಾರಿಕೆಯನ್ನು 1786ರಲ್ಲಿ ಪತ್ತೆ ಮಾಡಿದವರು ವಿಲಿಯಂ ಹರ್ಷೆಲ್. ಅವರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿದ್ದರು. ಇಂಗ್ಲೆಂಡಿನಿಂದ ಕಾಣದ ದಕ್ಷಿಣದ ನೀಹಾರಿಕೆಗಳ ವರ್ಣಪಟಲವನ್ನು ಅವರು ಇಲ್ಲಿಂದ ಪರೀಕ್ಷಿಸಿದರು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ಜಮಖಂಡಿಗೆ ಬಂದರು. ಮೋಡಗಳ ಸಂದಿಯಲ್ಲಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಆ ಕಿತ್ತಳೆ ಗೆರೆ ಸೋಡಿಯಂನದಕ್ಕೆ ತೀರ ಹತ್ತಿರ. ಅದು ಹೀಲಿಯಂನದೆಂದು ತಿಳಿದದ್ದು ಆಮೇಲೆ.

ಆ ಸೋಡಿಯಂ ಬೆಳಕೇ ಮುಂದೆ ಬೀದಿದೀಪವಾಗಿ ಊರೂರಿಗೆ ಬಂತು. ಅದರ ಬೆಳಕಿನ ಬಹುಪಾಲು 589 ನ್ಯಾನೊಮೀಟರ್ ಸುತ್ತಮುತ್ತಲಿನ ಹಳದಿ-ಕಿತ್ತಳೆ. ಪಾದರಸದ ದೀಪದ ಮುಖ್ಯ ಗೆರೆಗಳಲ್ಲಿ ಒಂದು 436ರಲ್ಲಿ, ಇನ್ನೊಂದು 546ರಲ್ಲಿ. ನೀಹಾರಿಕೆಯ ಜಲಜನಕ, ಆಕ್ಸಿಜನ್ ಗೆರೆಗಳು 486ರಿಂದ 501ರವರೆಗಿನ ಜಾಗದಲ್ಲಿ, ಅಂದರೆ ಅವುಗಳ ನಡುವೆ ಬೀಳುತ್ತವೆ. ಮಳೆ ಬಿದ್ದ ರಸ್ತೆಯಲ್ಲಿ ಎಣ್ಣೆಯ ತೆಳು ಪದರ ಬಣ್ಣ ಬೇರ್ಪಡಿಸುವುದನ್ನು ನೋಡಿದ್ದೀರಲ್ಲ? ಗಾಜಿನ ಮೇಲೆ ಅಂಥ ಹತ್ತಾರು ಪದರಗಳನ್ನು ಅಳೆದು ಲೇಪಿಸಿದರೆ ಬೇಕಾದ ಪಟ್ಟಿಯಷ್ಟೇ ಒಳಗೆ ಬಿಡುವ ಫಿಲ್ಟರ್ ಆಗುತ್ತದೆ. 1980ರ ದಶಕದ ಹೊತ್ತಿಗೆ ಇವು ಹವ್ಯಾಸಿಗಳ ಕೈಗೆ ಬಂದಿದ್ದವು.

ಫಿಲ್ಟರ್ ಯಾವುದನ್ನೂ ಬೆಳಗಿಸುವುದಿಲ್ಲ. ಎಲ್ಲವನ್ನೂ ಮಂಕಾಗಿಸುತ್ತದೆ, ಆದರೆ ನೀಹಾರಿಕೆಗಿಂತ ಆಕಾಶವನ್ನು ಹೆಚ್ಚು. ಹಾಗಾಗಿ ಪಲ್ಲಾವರಂನಿಂದ ಚಳಿಗಾಲದಲ್ಲಿ ಎತ್ತರಕ್ಕೇರುವ ಒರಾಯನ್ ನೀಹಾರಿಕೆಯ ರೆಕ್ಕೆಗಳು ಇನ್ನಷ್ಟು ಚಾಚಿಕೊಳ್ಳುತ್ತವೆ. ಏಪ್ರಿಲ್ ಸಂಜೆ ದಕ್ಷಿಣ ದಿಗಂತದಿಂದ 17 ಡಿಗ್ರಿಯಷ್ಟೇ ಮೇಲೆ, ತಾಂಬರಂ ಕಡೆಯ ದೀಪಗಳ ಮೇಲಿರುವ ಕರೀನಾ ನೀಹಾರಿಕೆಗೂ ಫಿಲ್ಟರ್ ನೆರವಾಗುತ್ತದೆ. ಆಂಡ್ರೊಮೀಡಾ ಗೆಲಾಕ್ಸಿಗೆ ಮಾತ್ರ ಇದು ಒದಗದು. ಅದರದು ನಕ್ಷತ್ರಗಳ ಬೆಳಕು, ಅಲ್ಲಿ ಎಲ್ಲ ಬಣ್ಣಗಳೂ ಉಂಟು.

ಈಗ ಬೀದಿದೀಪಗಳೂ ಹಾಗೇ ಆಗುತ್ತಿವೆ. 2015ರ ಜನವರಿ 5ರಂದು ದೇಶದಲ್ಲಿ ಎಲ್ಇಡಿ ಬೀದಿದೀಪಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ವಿದ್ಯುತ್ ಉಳಿತಾಯ ನಿಜ. ಆದರೆ ಬಿಳಿ ಎಲ್ಇಡಿಯ ಬೆಳಕು ನೀಲಿಯಿಂದ ಕೆಂಪಿನವರೆಗೆ ಹರಡಿಕೊಳ್ಳುತ್ತದೆ; ನೀಹಾರಿಕೆಯ ಗೆರೆಗಳಿದ್ದ ಜಾಗಕ್ಕೂ ಅದು ನುಗ್ಗುತ್ತದೆ. ಫಿಲ್ಟರ್ ಈಗಲೂ ಉಪಯೋಗಕ್ಕೆ ಬರುತ್ತದೆ, ಮೊದಲಿನಷ್ಟಲ್ಲ. ಅದರ ಅರ್ಧ ಜಾಣತನ ಹಳೆಯ ದೀಪಗಳ ಕೃಪೆಯಾಗಿತ್ತು.

ಹಾಗೆಂದು ದೀಪ ಆರಿಸಬೇಕಿಲ್ಲ. ಬೆಳಕು ನೆಲಕ್ಕಷ್ಟೇ ಬೀಳುವಂತೆ ಮೇಲೊಂದು ಮರೆ, ತುಸು ಹಳದಿ ಛಾಯೆಯ ಬಲ್ಬು, ನಡುರಾತ್ರಿಯ ನಂತರ ಕಡಿಮೆ ಪ್ರಕಾಶ, ಇಷ್ಟು ಮಾಡಬಹುದು. ಫಿಲ್ಟರ್ ಕೊಂಡವರಿಗೆ ಕೆಲವು ನೀಹಾರಿಕೆಗಳಷ್ಟೇ ಕಾಣುತ್ತವೆ. ದೀಪಕ್ಕೆ ಮರೆ ಹಾಕಿದರೆ ಗೆಲಾಕ್ಸಿಗಳೂ ಕಾಣಸಿಗುತ್ತವೆ, ಫಿಲ್ಟರ್ ಕೊಳ್ಳಲಾಗದವರಿಗೂ.